ಅವ್ವನ ದನಿಯ ಮೇಲೆ ಬಿದ್ದ ಹಾಡು

ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಬುತ್ತಿಗಂಟಿನ ಜೊತೆಗೆ ಒಂದು ಸಣ್ಣ ರೇಡಿಯೋವನ್ನೂ ಹಿಡಿದುಕೊಂಡು ಹೋಗುತ್ತಿದ್ದ ದಿನಗಳು ನಿಮಗೂ ನೆನಪಿರಬಹುದು. ನಾನಾಗ ಐದನೆಯ ತರಗತಿಯಲ್ಲಿದ್ದೆ. ಯಲಬುರ್ಗಾ ತಾಲೂಕಿನ ನಮ್ಮೂರಿಗೆ ತನ್ನದೇ ಒಂದು ರೇಡಿಯೋ ಕೇಂದ್ರವಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆ ಸರ್ಕಾರದ ಲೈಸೆನ್ಸ್ ಪಡೆದು ಅದನ್ನು ನಡೆಸುತ್ತಿತ್ತು. ಸುತ್ತಲಿನ ಹತ್ತಾರು ಊರುಗಳಿಗೆ ಕೇಳುತ್ತಿತ್ತು. ಅದರಲ್ಲಿ ಮಾತಾಡುತ್ತಿದ್ದವಳು ನಮ್ಮವ್ವ, ಶಾಂತವ್ವ.

ಅಪ್ಪ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ಸಾಲಿ ಬಿಟ್ಟ ಕೂಡಲೇ ನಾನು ನೇರ ಸ್ಟುಡಿಯೋಕ್ಕೆ ಓಡುತ್ತಿದ್ದೆ. ಸ್ಟುಡಿಯೋ ಎಂದರೆ ಒಂದೇ ಕೋಣೆ. ಗೋಡೆಗೆಲ್ಲ ಗೋಣಿತಾಟು ಬಡಿದು ಮೇಲೆ ಹಳೆಯ ಕೌದಿ ಹೊದಿಸಿದ್ದರು. ಒಳಗೆ ಕಾಲಿಟ್ಟರೆ ಸೆಣಬಿನ ವಾಸನೆ, ಬಿಸಿಯಾದ ಯಂತ್ರದ ವಾಸನೆ. ಸದ್ದಾಗುತ್ತದೆಂದು ಅವ್ವ ಮಾತಾಡುವಾಗ ಫ್ಯಾನ್ ಬಂದ್ ಮಾಡುತ್ತಿದ್ದರು. ಅವಳು ಸೆರಗಿನಿಂದ ಬೆವರು ಒರೆಸಿಕೊಂಡು, “ಎಲ್ಲಾರಿಗೂ ಶರಣ್ರಿ. ಊಟಾ ಆತಿಲ್ರಿ?” ಎಂದು ಶುರು ಮಾಡುವಳು. ಹೊಲದಲ್ಲಿ ಕಸ ತೆಗೆಯುತ್ತಿದ್ದವರು ಬಾಗಿದಲ್ಲಿಂದಲೇ “ಆತವ್ವಾ” ಎನ್ನುತ್ತಿದ್ದರಂತೆ. ಯಾವ ಊರಿಗೆ ಡಾಕ್ಟರು ಬರುತ್ತಾರೆ, ಎಲ್ಲಿ ನಳದ ನೀರು ಕೆಟ್ಟಿದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಎಲ್ಲವನ್ನೂ ಅವ್ವ ಹೇಳುತ್ತಿದ್ದಳು.

ಅಲ್ಲಿಗೆ ಹಾಡಲು ಬರುತ್ತಿದ್ದವರಲ್ಲಿ ನನಗೆ ಇಷ್ಟದವಳು ಲಕ್ಷ್ಮವ್ವ. ಕೂಲಿ ಮಾಡುವ ಹೆಂಗಸು, ನಮ್ಮ ಓಣಿಯವಳೇ. ಬೀಸುಕಲ್ಲಿನ ಪದ ಹಾಡಿದರೆ ಮೈಕು ಬೇಕಿರಲಿಲ್ಲ. ಬರುವಾಗ ಉಡಿಯಲ್ಲಿ ಹುರಿದ ಶೇಂಗಾ ತಂದು ನನ್ನ ಲಂಗದ ತುಂಬ ಸುರಿದು, “ತಿನ್ನು, ಆದ್ರ ನಾ ಹಾಡುವಾಗ ಸಿಪ್ಪಿ ಸುಲಿಬ್ಯಾಡ, ಚಟಚಟ ಅಂತೈತಿ” ಎನ್ನುವಳು. ಕೇಂದ್ರದವರು ಅವಳಿಗೆ ಒಂದು ಕೆಂಪು ರೇಡಿಯೋ ಬಹುಮಾನ ಕೊಟ್ಟಿದ್ದರು. ಅವಳು ಯಾವ ಹೊಲಕ್ಕೆ ಹೋದರೂ ಅದು ಅಲ್ಲಿನ ಗಿಡಕ್ಕೆ ಜೋತುಬೀಳುತ್ತಿತ್ತು.

ಆ ವರ್ಷ ಮುಂಗಾರಿನಲ್ಲಿ ಪ್ರಕಾಶಣ್ಣ ತನ್ನ ರೇಡಿಯೋ ಶುರು ಮಾಡಿದ. ಬಸ್ ಸ್ಟ್ಯಾಂಡಿನ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಹಸನ್ಮುಖಿ ಹುಡುಗ. ಎಲ್ಲಿಂದಲೋ ಯಂತ್ರ ತರಿಸಿ, ಅಂಗಡಿಯ ಮಾಳಿಗೆಯ ಮೇಲೆ ಕಬ್ಬಿಣದ ಕೊಳವೆ ನಿಲ್ಲಿಸಿ ‘ದೋಸ್ತಿ ಎಫ್ಎಂ’ ಎಂದು ಹೆಸರಿಟ್ಟ. ಲೈಸೆನ್ಸ್ ಇಲ್ಲ, ಯಾಕಿಲ್ಲ ಎಂದು ತಡೆಯುವವರೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಸಿನಿಮಾ ಹಾಡು. ನಡುವೆ, “ನಮ್ಮ ಮಂಜುಗ ಹ್ಯಾಪಿ ಬರ್ತ್‌ಡೇ!” ನಾವು ಮಕ್ಕಳು ಮೆಕ್ಕೆಜೋಳದ ತೆನೆಯನ್ನು ಮೈಕಿನಂತೆ ಹಿಡಿದು ಅವನ ಹಾಗೆ ಕೂಗುತ್ತಿದ್ದೆವು. ಇಡೀ ಊರು ಕುಣಿಯಿತು.

ಮೊದಲು ಅವನ ಹಾಡು ರೇಡಿಯೋದ ಬೇರೆ ನಂಬರಿನಲ್ಲಿ ಬರುತ್ತಿತ್ತು. ಎಲ್ಲರ ರೇಡಿಯೋದ ಮುಳ್ಳು ನಮ್ಮ ಕೇಂದ್ರದ ಮೇಲೆಯೇ ನಿಂತಿರುತ್ತದೆ ಎಂದು ತಿಳಿದ ಮೇಲೆ ಅವನೂ ಅಲ್ಲಿಗೇ ಸರಿದ. ಅವ್ವನ ಮಾತಿನ ನಡುವೆ ಮೊದಲು ಕರಕರ ಸದ್ದು ಬಂತು, ಆಮೇಲೆ ತಬಲಾ, ಆಮೇಲೆ ಬರೀ ಹಾಡು. ಬಟ್ಟೆ ಅಂಗಡಿಯವರು, ಬೀಜ-ಗೊಬ್ಬರದವರು ಜಾಹೀರಾತನ್ನು ಅವನಿಗೆ ಕೊಟ್ಟರು. ಕೇಂದ್ರಕ್ಕೆ ಬರುವ ಫೋನುಗಳೂ ನಿಂತವು.

ಅವ್ವ ನನ್ನ ಕೈ ಹಿಡಿದುಕೊಂಡು ಅವನ ಅಂಗಡಿಗೆ ಹೋದಳು.

“ತಮ್ಮಾ, ನೀ ಹಾಡ ಹಚ್ಚು, ಬ್ಯಾಡ ಅನ್ನೂದಿಲ್ಲ. ನಮ್ಮ ಮ್ಯಾಲ ಹಚ್ಚಬ್ಯಾಡ. ಆಚಿಕ ಸರಿ.”

ಪ್ರಕಾಶಣ್ಣ ನನಗೊಂದು ಚಾಕಲೇಟು ಕೊಟ್ಟು ನಕ್ಕ. “ಜನಾ ಹಾಡ ಕೇಳ್ತಾರ್ರಿ ಅಕ್ಕಾರ, ನಾ ಏನ್ ಮಾಡ್ಲಿ? ಗಾಳಿ ಏನ್ ಯಾರಪ್ಪಂದು ಐತೇನ್ರಿ?”

ಸಂಸ್ಥೆಯವರು ಮೇಲಿನವರಿಗೆ ಬರೆದರು. ಬಹಳ ದಿನಗಳ ಮೇಲೆ, ನೆತ್ತಿಯ ಮೇಲೆ ಆಂಟೆನಾ ಇದ್ದ ಜೀಪಿನಲ್ಲಿ ರೇಡಿಯೋ ತಪಾಸಣೆಯ ಸಾಹೇಬರು ಬಂದರು. ಜೀಪು ಕಂಡದ್ದೇ ಯಾರೋ ಪ್ರಕಾಶಣ್ಣನಿಗೆ ಸುದ್ದಿ ಮುಟ್ಟಿಸಿದರು. ಅವನು ಯಂತ್ರ ಆರಿಸಿ, ಕೊಳವೆ ಮಲಗಿಸಿ, ಶಟರ್ ಎಳೆದು ಹೋದ. ಗಾಳಿಯಲ್ಲಿ ಸಾಹೇಬರಿಗೆ ಸಿಕ್ಕಿದ್ದು ನಮ್ಮ ಕೇಂದ್ರ ಮಾತ್ರ. ಬೋರ್ಡು ಹಾಕಿಕೊಂಡು ಕೂತವರು ನಾವೇ ತಾನೆ? ಕಾಗದ ಪತ್ರ ತೆಗೆಸಿದರು, ಆಂಟೆನಾದ ಕಂಬ ಅಳೆದರು, ಅನುಮತಿಗಿಂತ ಎತ್ತರ ಇದೆ ಎಂದು ಕತ್ತರಿಸಿ ಗಿಡ್ಡ ಮಾಡಿಸಿದರು; ನಮ್ಮ ದನಿ ಇನ್ನೂ ಕುಗ್ಗಿತು. ಅವ್ವ ಮಾಡಿಕೊಟ್ಟ ಚಹಾ ಕುಡಿದು ಕೊಪ್ಪಳದ ದಾರಿ ಹಿಡಿದರು.

“ಕಳ್ಳನ್ನ ಹಿಡೀರಿ ಅಂತ ಕರದ್ರ ನಮ್ಮ ಬಾಯಿಗೇ ಬಟ್ಟಿ ತುರುಕಿ ಹ್ವಾದ್ರಲ್ಲೋ ಬಸಣ್ಣ,” ಎಂದಳು ಅವ್ವ. ಬಸಣ್ಣ ಕೇಂದ್ರದ ಯಂತ್ರ ನೋಡಿಕೊಳ್ಳುತ್ತಿದ್ದವನು. ಅವನು ಕತ್ತರಿಸಿದ ಕಂಬದ ತುಂಡನ್ನು ಒಳಗೆ ತಂದಿಟ್ಟ. ಜೀಪು ಹೋದ ಮರುಗಳಿಗೆಯೇ ಹಾಡು ಮತ್ತೆ ಬಂತು.

ಸೆಪ್ಟೆಂಬರಿನ ಉತ್ತರಿ ಮಳೆಯ ಹೊತ್ತಿಗೆ ಶೇಂಗಾ ಕೀಳುವ ಕೆಲಸ ಜೋರಾಗಿತ್ತು. ಲಕ್ಷ್ಮವ್ವ, ಅವಳ ಸೊಸೆ ರೇಣುಕಾ, ಓಣಿಯ ಇನ್ನೂ ಕೆಲವರು ಹಳ್ಳದ ಆಚೆಯ ಹೊಲಕ್ಕೆ ಹೋಗುತ್ತಿದ್ದರು. ಆ ದಿನ ಶನಿವಾರ, ಬೆಳಗಿನ ಸಾಲಿ. ಮಧ್ಯಾಹ್ನ ನಾನು ಸ್ಟುಡಿಯೋದ ಹೊರಗೆ ಕೂತು ರೊಟ್ಟಿ ತಿನ್ನುತ್ತಿದ್ದೆ. ನಮ್ಮೂರ ಮೇಲೆ ಸುಡುವ ಬಿಸಿಲು. ಆಗ ಮೇಲಿನ ಊರಿನಿಂದ ಫೋನು ಬಂತು. ಆ ಹೆಣ್ಣುಮಗಳು ಚೀರಿದ್ದು ನನಗೂ ಕೇಳಿಸಿತು. “ಅಕ್ಕಾರ, ಇಲ್ಲಿ ಮಳಿ ಕಡದು ಬಿದ್ದೈತ್ರಿ. ಕೆರಿ ಏರಿ ಒಡೀತು. ಹಳ್ಳಾ ನಿಮ್ಮ ಕಡೀಗೆ ಬರಾಕತ್ತೈತಿ!”

ಅವ್ವ ಓಡಿ ಮೈಕಿನ ಮುಂದೆ ಕೂತಳು. ಊಟ ಆಯಿತೇ ಎಂದು ಕೇಳಲಿಲ್ಲ. “ಹಳ್ಳಾ ದಾಟಬ್ಯಾಡ್ರಿ. ಆಚಿ ದಂಡಿ ಮ್ಯಾಲಿದ್ದವ್ರು ಅಲ್ಲೇ ನಿಲ್ರಿ. ಲಕ್ಷ್ಮವ್ವಾ, ರೇಣುಕಾ, ಕೇಳಾಕತ್ತೀರೇನು? ದಾಟಬ್ಯಾಡ್ರಿ.” ಅದನ್ನೇ ಹೇಳಿದಳು, ಮತ್ತೆ ಹೇಳಿದಳು. ನಾನು ಅಂಗಳದಲ್ಲಿದ್ದ ರೇಡಿಯೋ ತಿರುವಿದೆ. ಮದುವೆಯ ಕುಣಿತದ ಹಾಡು ಬರುತ್ತಿತ್ತು. ಅದರಡಿ ಎಲ್ಲೋ ಅವ್ವನ ದನಿ, ನೀರಿನಲ್ಲಿ ಮುಳುಗಿದವರು ಕೂಗಿದ ಹಾಗೆ.

“ಅವ್ವಾ, ಬರೇ ಹಾಡ ಬರಾಕತ್ತೈತಿ!” ಎಂದು ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ.

ಹಳ್ಳದ ಆಚೆ ಫೋನಿಗೆ ಸಿಗ್ನಲ್ ಇರಲಿಲ್ಲ. ಪ್ರಕಾಶಣ್ಣ ಫೋನು ಎತ್ತಲಿಲ್ಲ. ಬಸಣ್ಣ ಬೈಕು ಹತ್ತಿ ಅಂಗಡಿಗೆ ಹೋದ. ಶಟರಿಗೆ ಬೀಗ. ಪ್ರಕಾಶಣ್ಣ ಸಾಮಾನು ತರಲು ಕುಷ್ಟಗಿಗೆ ಹೋಗಿದ್ದ. ಒಳಗೆ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಹಾಡು ಹಾಕುತ್ತಿತ್ತು. ಬಸಣ್ಣ ಶಟರಿಗೆ ಕಲ್ಲಿನಿಂದ ಎರಡು ಏಟು ಹಾಕಿ, ಬಿಟ್ಟು, ಹಳ್ಳದ ಕಡೆಗೆ ಬೈಕು ಓಡಿಸಿದ. ಅವನು ಮುಟ್ಟುವಷ್ಟರಲ್ಲಿ ನೀರು ಬಂದಾಗಿತ್ತು.

ತಲೆಯ ಮೇಲೆ ಶೇಂಗಾ ಗಂಟು ಹೊತ್ತು ಹೆಂಗಸರು ದಾಟುತ್ತಿದ್ದರಂತೆ. ಮುಂದಿನವರು ದಂಡೆ ಹತ್ತಿದ್ದರು. ರೇಣುಕಾಗೆ ಜಾಲಿಯ ಕೊಂಬೆ ಸಿಕ್ಕಿತು. ಲಕ್ಷ್ಮವ್ವನಿಗೆ ಏನೂ ಸಿಗಲಿಲ್ಲ. ಮರುದಿನ ಅವಳು ಕೆಳಗಿನ ಊರಿನ ಸೇತುವೆಯ ಬಳಿ ಸಿಕ್ಕಳು.

ನಮ್ಮವ್ವ ಅವರ ಮನೆಗೆ ಹೋದಾಗ ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ಮೈಯೆಲ್ಲ ಮುಳ್ಳು ಗೀರಿದ ಗಾಯ. “ರೇಡಿಯೋ ಹಚ್ಚೇ ಇತ್ತಕ್ಕಾ,” ಎಂದಳು. “ಅತ್ತಿ ಎರಡ ಸಲ ತಿರುವಿ ನೋಡಿದ್ಲು, ಶಾಂತಾ ಯಾಕ ಬರವಲ್ಲಳು ಅಂತ.”

ಲಕ್ಷ್ಮವ್ವನ ಮಣ್ಣಿಗೆ ಪ್ರಕಾಶಣ್ಣನೂ ಬಂದಿದ್ದ. ಎಲ್ಲರೂ ಹೊರಟ ಮೇಲೆ ಅವ್ವನ ಹತ್ತಿರ ಬಂದ. “ನನಗ ಗೊತ್ತಿರಲಿಲ್ರಿ ಅಕ್ಕಾರ.”

“ಖರೆ ಐತಿ. ನಿನಗ ಗೊತ್ತಿರಲಿಲ್ಲ,” ಎಂದಳು ಅವ್ವ. “ನನಗ ಗೊತ್ತಿತ್ತು. ಹೇಳಾಕ ಜಾಗ ಇರಲಿಲ್ಲ.”

ಅವ್ವ ನನ್ನನ್ನು ಎಳೆದುಕೊಂಡು ನಡೆದಳು.

ಪೊಲೀಸರು ಪ್ರಕಾಶಣ್ಣನ ಯಂತ್ರ ಹೊತ್ತೊಯ್ದರು. ಕೆಲವು ದಿನ ಒಳಗಿದ್ದು ಬಂದ ಅವನು ಊರು ಬಿಟ್ಟು ಕುಷ್ಟಗಿಯಲ್ಲಿ ಅಂಗಡಿ ಹಾಕಿದ. ಗಾಳಿ ಈಗ ನಮಗೊಬ್ಬರಿಗೇ ಖಾಲಿಯಾಗಿತ್ತು. ಆದರೆ ಕೇಳುವವರ ರೂಢಿ ತಪ್ಪಿತ್ತು, ಜಾಹೀರಾತುಗಳು ಮರಳಿ ಬರಲಿಲ್ಲ. ಹೆಂಗಸರು ಹೊಲಕ್ಕೆ ರೇಡಿಯೋ ಒಯ್ಯುವುದನ್ನೇ ಬಿಟ್ಟಿದ್ದರು. ಆ ಸದ್ದು ಕೇಳಿದರೆ ರೇಣುಕಾ ಎದ್ದು ಹೋಗುತ್ತಿದ್ದಳು. ಅವ್ವ ಖಾಲಿ ಊರಿಗೆ ಮಾತಾಡಿದಂತೆ ಒಂದು ವರ್ಷ ಮಾತಾಡಿದಳು. ಆಮೇಲೆ ಸಂಸ್ಥೆಯವರು ಕೇಂದ್ರ ಮುಚ್ಚಿದರು. ಆ ಕೋಣೆಯಲ್ಲಿ ಈಗ ಗೊಬ್ಬರದ ಚೀಲಗಳಿವೆ.

ಈಗ ನಾನು ಕೊಪ್ಪಳದಲ್ಲಿ ನರ್ಸ್. ಊರಲ್ಲಿ ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲರ ಕಿವಿಯಲ್ಲೂ ಅವರವರ ಹಾಡಿದೆ. ಮಳೆಯ ಎಚ್ಚರಿಕೆಯೂ ಬರುತ್ತದೆ, ಇಡೀ ಜಿಲ್ಲೆಗೆ ಒಂದೇ ಸಾಲಿನಲ್ಲಿ. ನಮ್ಮ ಹಳ್ಳದ ಹೆಸರು ಅದರಲ್ಲಿರುವುದಿಲ್ಲ, ಲಕ್ಷ್ಮವ್ವಾ ಎಂದು ಕರೆಯುವವರೂ ಇರುವುದಿಲ್ಲ. ಮೇಲಿನ ದಿಕ್ಕಿಗೆ ಮೋಡ ಕಪ್ಪಿಟ್ಟರೆ ಅವ್ವ ಇವತ್ತಿಗೂ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೇ ಫೋನು ಹಚ್ಚುತ್ತಾಳೆ. ಕೆಲವರು ಎತ್ತುತ್ತಾರೆ, ಬಹಳ ಜನ ಎತ್ತುವುದಿಲ್ಲ. ಕತ್ತಲಾಗುವವರೆಗೆ ಹಚ್ಚಿದರೂ ಅವಳಿಗೆ ಅರ್ಧ ಓಣಿಯೂ ಮುಗಿಯುವುದಿಲ್ಲ.