ಗುರಿಕಡ್ಡಿಗೆ ಇಟ್ಟ ಕುಂಕುಮ

ಬೆಂಗಳೂರಿನ ಶೂಟಿಂಗ್ ಸ್ಪರ್ಧೆಗೆ ನಮ್ಮ ಕಾಲೇಜಿನ ಕೆಡೆಟ್ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಕಾದಿದ್ದವರು ಇಬ್ಬರು: ನಾನು ಮತ್ತು ಬೈರಾಪಟ್ಟಣದ ನನ್ನ ಗೆಳೆಯ. ಆಯ್ಕೆಗೆ ಮೊದಲೇ ಆ ಜಾಗ ನನ್ನದೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಸುಮ್ಮನಿರುವ ಬಾಯಿ ನನ್ನದಲ್ಲ.

ಆಯ್ಕೆಯ ದಿನ ರಾಮನಗರದ ಬಂಡೆಗಳ ಬುಡದಲ್ಲಿ, ಮುನ್ನೂರು ಗಜ ದೂರಕ್ಕೆ ಟಾರ್ಗೆಟ್ ನಿಲ್ಲಿಸಿದ್ದರು. ನಮಗೆ ಕಲಿಸುತ್ತಿದ್ದ ಹವಾಲ್ದಾರರು ಮಾಗಡಿ ಕಡೆಯವರು, ಉಸ್ತಾದ್ ಎನ್ನುತ್ತಿದ್ದೆವು. ಅರ್ಧ ಉಸಿರು ಬಿಟ್ಟು ತಡೆದುಕೋ, ಟ್ರಿಗರ್ ಎಳೆಯಬೇಡ, ಮೆಲ್ಲಗೆ ಒತ್ತು, ಹುಲ್ಲು ನೋಡಿ ಗಾಳಿ ತಿಳಿದುಕೋ ಎಂದು ತಿಂಗಳಿಂದ ತಲೆ ತಿಂದಿದ್ದರು. ಎಲ್ಲ ಕಲಿತಿದ್ದೆ. ಆದರೂ ದೇವರ ನೆರವೂ ಇರಲಿ ಎನಿಸಿತು.

ಆಯುಧ ಪೂಜೆ ಮುಗಿದು ಎರಡೇ ದಿನವಾಗಿತ್ತು. ಅವ್ವ ಟ್ರ್ಯಾಕ್ಟರಿಗೆ, ಕುಡುಗೋಲಿಗೆ ಇಟ್ಟು ಉಳಿಸಿದ್ದ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಒಯ್ದಿದ್ದೆ. ನಳಿಗೆಯ ತುದಿಯಲ್ಲಿ, ಗುರಿ ಹಿಡಿಯಲೆಂದು ಇರುವ ಸಣ್ಣ ಕಡ್ಡಿಯ ನೆತ್ತಿಗೆ ಯಾರಿಗೂ ಕಾಣದಂತೆ ಒಂದು ಬೊಟ್ಟಿಟ್ಟೆ. ಮಲಗಿ ನೋಡಿದರೆ ಕಡ್ಡಿ ಕೊಂಚ ದಪ್ಪ ಕಂಡಿತು. ದೇವರ ದಯೆ ಎಂದುಕೊಂಡೆ.

ಹತ್ತು ಗುಂಡುಗಳಲ್ಲಿ ಮೊದಲ ಐದೂ ಟಾರ್ಗೆಟ್ಟಿನ ಕೆಳಗೆ ಮಣ್ಣೆಬ್ಬಿಸಿದವು.

“ಗಾಳಿ, ಉಸ್ತಾದ್” ಎಂದೆ.

“ಹುಲ್ಲೇ ಅಲ್ಲಾಡ್ತಿಲ್ಲ, ಗಾಳಿ ಎಲ್ಲೈತೆ?” ಎಂದು ರೈಫಲ್ ಕಸಿದುಕೊಂಡರು. ಕಡ್ಡಿ ಸವರಿದ ಅವರ ಬೆರಳು ಕೆಂಪಾಯಿತು. “ಏನ್ಲಾ ಇದು, ಬಂದೂಕಿಗೆ ಮದ್ವೆ ಮಾಡ್ಬುಟ್ಯಾ? ಇಲ್ಲಿ ರಾಗಿಕಾಳಷ್ಟು ಎತ್ರ ಆದ್ರೆ ಅಲ್ಲಿ ಗುಂಡು ಮೊಳದುದ್ದ ಕೆಳಕ್ ಹೋಯ್ತದೆ!”

ಹುಡುಗರು ಬಿದ್ದು ಬಿದ್ದು ನಕ್ಕರು. ಒರೆಸಿ ಹೊಡೆದ ಉಳಿದ ಐದೂ ಕಪ್ಪು ವೃತ್ತದೊಳಗೇ ಬಿದ್ದವು. ಆದರೇನು, ಗೆಳೆಯ ಹತ್ತರಲ್ಲಿ ಎಂಟು ಹೊಡೆದಿದ್ದ. ಜಾಗ ಅವನ ಪಾಲಾಯಿತು. ನಾನು ಟಾರ್ಗೆಟ್ ತಂದಿದ್ದ ಲಾರಿಯ ಹಿಂದೆ ನಿಂತು ನಾಚಿಕೆಯಿಲ್ಲದೆ ಅತ್ತೆ.

ಸಂಜೆ ಬಸ್ಸಿನಲ್ಲಿ ಅವನು ಪಕ್ಕಕ್ಕೇ ಬಂದು ಕೂತ.

“ನನ್ ರೈಫಲ್ಗೂ ಒಸಿ ಇಡ್ಬೋದಿತ್ತಲ್ಲ, ಯಾಕ್ಲಾ ಇಡ್ಲಿಲ್ಲ?”

ಸುಳ್ಳು ಹೇಳಲು ಬಾಯಿ ತೆರೆದವನು ನಿಜವನ್ನೇ ಹೇಳಿಬಿಟ್ಟೆ. “ನೀನು ಗೆದ್ಬುಡ್ತೀಯ ಅಂತ.”

ಅವನು ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ನಕ್ಕು, ನನ್ನ ಹೆಗಲಿಗೆ ಕೈ ಹಾಕಿದ.

“ನಿನ್ ಹೊಟ್ಟೆಕಿಚ್ಚು ತಣ್ಣಗಿರ್ಲಿ ಕಣ್ಲಾ, ನನ್ ಗುಂಡು ಕೆಳಕ್ ಹೋಗ್ದಂಗೆ ಕಾಪಾಡ್ತು” ಎಂದ.