ಎಡಗೈ ಬರೆದ ಬೋರ್ಡು

ಕಸ್ತೂರಮ್ಮ ಎಸ್ಸೆಸ್ಸೆಲ್ಸಿ ಪಾಸಾದವಳು. ಆದರೂ ಐವತ್ತೆರಡನೇ ವಯಸ್ಸಿನಲ್ಲಿ ಗ್ಯಾಸ್ ಏಜೆನ್ಸಿಯ ಕೌಂಟರ್ ಮುಂದೆ ನಿಂತು ಹೆಬ್ಬೆಟ್ಟು ಒತ್ತಿ ಬಂದಳು. ಎರಡು ಸಲ ಮಾಡಿದ ಸಹಿ ಒಂದರಂತೆ ಒಂದಿರಲಿಲ್ಲ. ಗುಮಾಸ್ತ ಶಾಯಿಯ ಡಬ್ಬಿಯನ್ನು ಮುಂದೆ ತಳ್ಳಿದ. “ಯಾಕ ಕಷ್ಟ ಪಡ್ತೀರಿ, ಹೆಬ್ಬೆಟ್ಟು ಒತ್ತಿಬಿಡ್ರಿ.” ಹಿಂದೆ ಸಾಲಿನಲ್ಲಿ ನಿಂತವರು ಅವಸರ ಮಾಡುತ್ತಿದ್ದರು. ಒತ್ತಿದಳು. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಗೆ ಬಂದು ಬೆರಳಿನ ನೀಲಿಯನ್ನು ಒಗೆಯುವ ಕಲ್ಲಿಗೆ ತಿಕ್ಕಿ ತಿಕ್ಕಿ ತೊಳೆದಳು.

ಅವಳು ಹುಟ್ಟಾ ಎಡಚಿ. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಗೆಣ್ಣಿನ ಮೇಲೆ ಬಾರಿಸಿ ಬಳಪವನ್ನು ಬಲಗೈಗೆ ದಾಟಿಸಿದ್ದರು. ಮನೆಯಲ್ಲೂ ಅದೇ ಸರಿ ಅಂದರು. ಅಂದಿನಿಂದ ಅವಳ ಬರಹ ಕಾಗೆ ಕಾಲು ಗುಬ್ಬಿ ಕಾಲು. ಮದುವೆಯಾದ ಮೇಲೆ ಗಂಡ ಕರಿಬಸವರಾಜ, ಮಂಡಿಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟವನು, ಒಂದು ಚೀಟಿಯನ್ನೂ ಅವಳಿಂದ ಬರೆಸಲಿಲ್ಲ. “ನಿನಗೆ ಅದೆಲ್ಲ ಬರಲ್ಲ, ಬಿಡು” ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಅವಳೂ ನಂಬಿಕೊಂಡಿದ್ದಳು.

ಆ ವಾರ ಹರಿಹರಕ್ಕೆ ತಂಗಿ ಆಶಾರಾಣಿಯ ಮನೆಗೆ ಹೋದಾಗ, ಎದುರಿನ ಶಾಲೆಯ ಕಾಂಪೌಂಡಿನ ಮೇಲೆ ಒಬ್ಬ ಮುದುಕ ಬ್ರಷ್ಷಿನಿಂದ ಅಕ್ಷರ ಬರೆಯುತ್ತಿದ್ದ. ಪೇಂಟರ್ ಅಮ್ಜದ್ ಸಾಬರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಅಪರೂಪ. ಅವರು ಬಿಡಿಸುತ್ತಿದ್ದ ‘ಳ’ ಎಷ್ಟು ದುಂಡಗಿತ್ತೆಂದರೆ ಕಸ್ತೂರಮ್ಮ ಕೊಡೆ ಮಡಚುವುದನ್ನೂ ಮರೆತು ನೆರಳಿನಲ್ಲೇ ಕೊಡೆ ಹಿಡಿದು ನಿಂತಳು.

“ಬರೀತೀರೇನಮ್ಮಾ?” ಸಾಬರು ನಗುತ್ತ ಬ್ರಷ್ ಚಾಚಿದರು.

“ನನ್ನ ಕೈ ಸರಿ ಇಲ್ಲ ಸಾಬ್ರೆ.”

ಅಂದಳೇ ಹೊರತು ಎಡಗೈ ಆಗಲೇ ಮುಂದೆ ಹೋಗಿತ್ತು. ನಾಚಿ ಹಿಂದೆಳೆದುಕೊಂಡಳು. ಸಾಬರು ಅದನ್ನು ನೋಡಿದರು.

“ಯಾರು ಹೇಳಿದ್ದು ಸರಿ ಇಲ್ಲ ಅಂತ? ಬಣ್ಣಕ್ಕೇನು ಗೊತ್ತಾಗ್ತೈತಿ ಯಾವ ಕೈ ಅಂತ. ಹಿಡೀರಿ.”

ಅಲ್ಲಿಂದ ಎಂಟು ತಿಂಗಳು, ವಾರಕ್ಕೆರಡು ದಿನ, ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು. ಎಡಗೈ ಎಡದಿಂದ ಬಲಕ್ಕೆ ಬರೆಯುವಾಗ ಹಸಿ ಬಣ್ಣದ ಮೇಲೆಯೇ ಸರಿದು ಅಕ್ಷರವನ್ನು ಅಳಿಸಿಬಿಡುತ್ತಿತ್ತು. ಮೊದಲ ತಿಂಗಳು ರವಿಕೆಯ ತೋಳೆಲ್ಲ ಬಣ್ಣ. ಎರಡು ಸಲ ಬ್ರಷ್ ಬಿಸಾಡಿ ಎದ್ದಳು. ಸಾಬರು ಒಂದು ಕೋಲಿನ ತುದಿಗೆ ಬಟ್ಟೆ ಸುತ್ತಿ, ಅದನ್ನು ಬಲಗೈಯಲ್ಲಿ ಗೋಡೆಗೆ ಆನಿಸಿ ಹಿಡಿದು, ಎಡ ಮಣಿಕಟ್ಟನ್ನು ಅದರ ಮೇಲಿಟ್ಟು ಬರೆಯುವುದನ್ನು ಕಲಿಸಿದರು. ಕೈ ಬಣ್ಣಕ್ಕೆ ತಾಗದೆ ಮೇಲೆ ಉಳಿಯಿತು. ಅವತ್ತು ಬರೆದ ‘ಅ’ವನ್ನು ಸಾಬರ ಹೆಂಡತಿ ಅಮೀನಾಬೀ ಬಂದು ನೋಡಿ, “ನಮ್ಮವರದ್ದಕ್ಕಿಂತ ಚಂದ ಐತೆ” ಅಂದಳು. ಕಸ್ತೂರಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇದು ತನ್ನ ಕೈಯಲ್ಲೇ ಇತ್ತು. ನಲವತ್ತೈದು ವರ್ಷ ಇತ್ತು. ಇದನ್ನು ಬಡಿದು ಮೂಲೆಗೆ ಕೂರಿಸಿದವರಿಗೆ ಅಧಿಕಾರ ಕೊಟ್ಟವರು ಯಾರು?

ಆಷಾಢದ ಗಾಳಿಗೆ ಅಂಗಡಿಯ ಫ್ಲೆಕ್ಸ್ ಹರಿದಾಗ, ಹೊಸ ಬೋರ್ಡನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದಳು. ತಗಡಿನ ಮೇಲೆ ಹಸಿರು ನೆಲ, ಹಳದಿ ಅಕ್ಷರ, ಅಂಚಿಗೆ ಕೆಂಪು ನೆರಳು. ಬರೆದದ್ದನ್ನು ಕರಿಬಸವರಾಜ ಅಂಗಡಿಗೆ ಒಯ್ದು ಏರಿಸಿದ.

ಮೂರನೇ ದಿನ ಊಟದ ಡಬ್ಬಿ ಹಿಡಿದು ಹೋದಾಗ, ಪಕ್ಕದ ಅಂಗಡಿಯ ಕೊಟ್ಟೂರೇಶಪ್ಪ ಬೋರ್ಡಿನ ಕೆಳಗೆ ನಿಂತು ಹೊಗಳುತ್ತಿದ್ದ. ಗಂಡನ ಮಾತು ಅವಳ ಕಿವಿಗೆ ಬಿತ್ತು.

“ಹರಿಹರದ ಅಮ್ಜದ್ ಸಾಬ್ರ ಕೈಯದು.”

ಕಸ್ತೂರಮ್ಮ ಡಬ್ಬಿಯನ್ನು ಮೂಟೆಯ ಮೇಲೆ ಇಟ್ಟಳು. “ಸಾಬ್ರದ್ದಲ್ಲ. ನಾನು ಬರ್ದಿದ್ದು, ಈ ಎಡಗೈನಾಗ.”

ಕೊಟ್ಟೂರೇಶಪ್ಪ ಅವಳನ್ನೂ ಬೋರ್ಡನ್ನೂ ನೋಡಿ ನಕ್ಕ. “ನೀವಾ? ಎಡಗೈನಾಗೇನು? ಲಕ್ಷ್ಮಿ ಇರೋ ಜಾಗಕ್ಕೆ? ಎಲ್ಲಿ, ಒಂದಕ್ಷರ ಬರ್ದು ತೋರಿಸ್ರಿ ನೋಡಾಣ.”

“ತೋರಿಸಲ್ಲ. ಬರ್ದದ್ದು ಮೇಲೈತೆ. ಓದಾಕ ಬಂದ್ರೆ ಓದ್ರಿ. ಸಣ್ಣಾಕಿ ಇದ್ದಾಗಿಂದ ಬರೇ ಬಲಗೈ ತೋರ್ಸಿ ತೋರ್ಸಿ ಸಾಕಾಗೈತೆ ನನಗ.”

ಅವನು ಹೋದ ಮೇಲೆ ಗಂಡ ತಗ್ಗಿದ ದನಿಯಲ್ಲಿ ಹೇಳಿದ, “ಜನ ಏನಂದ್ಕೊಂತಾರೋ ಅಂತ ಹೇಳ್ದೆ, ಕಸ್ತೂರಿ.”

“ನಾ ಏನಂದ್ಕೊಂತೀನಿ ಅಂತ ಕೇಳ್ಬೇಕಿತ್ತು ನೀವು. ನನ್ನ ಕೈಯಾಗಿನ ಕೆಲ್ಸಾನ ಇನ್ನೊಬ್ಬರ ಹೆಸರಿಗೆ ಹಾಕಿದ್ರಿ. ಮೇಷ್ಟ್ರು ಕೈಗೆ ಹೊಡೆದ್ರು. ನೀವು ಇನ್ನೇನು ಮಾಡಿದ್ರಿ?”

ಅವನು ಬಂದ ಗಿರಾಕಿಗೆ ಬೇಳೆ ತೂಗತೊಡಗಿದ. ಅದಾದ ಮೂರನೇ ದಿನ ಅವನೇ ಏಣಿ ತಂದು, “ಮೂಲ್ಯಾಗ ನಿನ್ನ ಹೆಸರು ಬರಿ” ಅಂದ. ಬರೆದಳು. ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ.

ಈಗ ಅಮ್ಜದ್ ಸಾಬರಿಗೆ ಮಂಡಿನೋವು ಏಣಿ ಹತ್ತಲು ಬಿಡುವುದಿಲ್ಲ. ಎತ್ತರದ ಗೋಡೆಗಳೆಲ್ಲ ಅವಳ ಪಾಲು. ಮೊನ್ನೆ ಹರಿಹರದ ಹೊಳೆಯ ಕಡೆಯ ಬೀದಿಯಲ್ಲಿ ಹಿಟ್ಟಿನ ಗಿರಣಿಯ ಗೋಡೆ ಬರೆಯುತ್ತಿದ್ದಾಗ ದಾರಿಹೋಕನೊಬ್ಬ ಬೈಕ್ ನಿಲ್ಲಿಸಿ, “ಗಂಡಸರು ಯಾರೂ ಇಲ್ಲೇನಮ್ಮಾ, ಈ ವಯಸ್ಸಿನಾಗ ನೀವು ಹತ್ತೀರಿ?” ಅಂದ.

“ಅದಾರೆ. ಕೆಳಗ ಏಣಿ ಹಿಡ್ಕೊಂಡಾರೆ” ಅಂದಳು ಕಸ್ತೂರಮ್ಮ, ತಿರುಗಿ ನೋಡದೆ.

ಏಣಿ ಹಿಡಿದಿದ್ದ ಸಾಬರು ಗಟ್ಟಿಯಾಗಿ ನಕ್ಕರು. ಅವಳು ನಗಲಿಲ್ಲ. ‘ಗಿರಣಿ’ಯ ‘ಣಿ’ ಅರ್ಧಕ್ಕೆ ನಿಂತಿತ್ತು, ಬಣ್ಣ ಒಣಗುವ ಮೊದಲು ಅದನ್ನು ಮುಗಿಸಬೇಕಿತ್ತು.