ನನ್ನ ಮಾನಪತ್ರಕ್ಕೆ ನಾನೇ ಸೇರಿಸಿದ ಪದ

ಗೆಳೆಯರೇ, ಭಾನುವಾರ ನನ್ನ ನಿವೃತ್ತಿಯ ಬೀಳ್ಕೊಡುಗೆಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಹೇಳಿ.

ಅಲ್ಲಿ ಓದುವ ಮಾನಪತ್ರವನ್ನು ಸಹೋದ್ಯೋಗಿಗಳು ಇಂಟರ್ನೆಟ್ಟಿನಲ್ಲಿ ಎಲ್ಲರೂ ಸೇರಿ ಬರೆಯುವಂಥ ಹೊಸದೊಂದು ಪುಟದಲ್ಲಿ ಸಿದ್ಧಪಡಿಸುತ್ತಿದ್ದರು. ಇವತ್ತು ಭದ್ರಾವತಿಯ ನಮ್ಮ ಶಾಲೆಯಿಂದ ಗಿರಿಜಾ ಮೇಡಂ ಫೋನ್ ಮಾಡಿ, "ಸಾರ್, ಲಿಂಕ್ ಕಳಿಸಿದೀನಿ. ನೀವು ಕೆಲಸಕ್ಕೆ ಸೇರಿದ ಇಸವಿ ಸರಿ ಇದೆಯಾ ನೋಡಿ, ಅಷ್ಟೇ ಸಾಕು" ಎಂದರು.

ರಜೆ ಹಾಕಿ ಶಿವಮೊಗ್ಗದ ಮನೆಯಲ್ಲಿದ್ದೆ, ಕಂಪ್ಯೂಟರಿನಲ್ಲಿ ಆ ಪುಟ ತೆರೆದೆ. ಇಸವಿ ಸರಿಯಾಗಿಯೇ ಇತ್ತು. ಆದರೆ ನನ್ನ ಬಗ್ಗೆ 'ಶಿಸ್ತಿನ ಗಣಿತ ಶಿಕ್ಷಕರು' ಎಂದಷ್ಟೇ ಬರೆದಿದ್ದರು. ತೀರಾ ಸಪ್ಪೆ ಎನಿಸಿತು. ಯಾರು ಬರೆದದ್ದೆಂದು ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು 'ಮಕ್ಕಳ ಕಣ್ಮಣಿ' ಎಂದು ಸೇರಿಸಿದೆ. ಆಮೇಲೆ 'ನಿಸ್ವಾರ್ಥಿ'. ಕೈ ನಿಲ್ಲಲೇ ಇಲ್ಲ, 'ನಿಗರ್ವಿ' ಎಂದೂ ಬರೆದುಬಿಟ್ಟೆ.

ಪುಟದ ಪಕ್ಕದ ಚೌಕದಲ್ಲಿ ಗಿರಿಜಾ ಮೇಡಂ ಸಂದೇಶ ಮೂಡಿತು: "ಸಾರ್, ನೀವು ಬರೀತಿರೋ ಅಕ್ಷರ ಅಕ್ಷರವೂ ಇಲ್ಲಿ ಕಾಣ್ತಿದೆ, ನಿಮ್ಮ ಹೆಸರಿನ ಸಮೇತ. ಸ್ಟಾಫ್ ರೂಮಲ್ಲಿ ಎಲ್ರೂ ನೋಡ್ತಾ ಇದೀವಿ. ಮುಗೀತಾ, ಇನ್ನೂ ಇದೆಯಾ?"

ಕಂಪ್ಯೂಟರಿನ ಸ್ವಿಚ್ಚನ್ನೇ ಆರಿಸಿದೆ.

ಸಂಜೆ ಧೈರ್ಯ ಮಾಡಿ ಮತ್ತೆ ತೆರೆದೆ. 'ಕಣ್ಮಣಿ'ಯನ್ನೂ 'ನಿಸ್ವಾರ್ಥಿ'ಯನ್ನೂ ತೆಗೆದುಹಾಕಿದ್ದಾರೆ. 'ನಿಗರ್ವಿ'ಯನ್ನು ಮಾತ್ರ ಹಾಗೇ ಉಳಿಸಿ, ದಪ್ಪಕ್ಷರ ಮಾಡಿದ್ದಾರೆ.